ಬಿದ್ದ ಮೇಲೆ ಯಾವುದಕ್ಕೆ ಬಡಿದೆ?

ಸೈಕಲ್ ರೇಸ್‌ನಲ್ಲಿ ಬಿದ್ದ ಹುಡುಗರನ್ನು ಕರೆತಂದಾಗ ಮೊದಲು ಉಸಿರು, ನಾಡಿ, ಎಚ್ಚರ ನೋಡುತ್ತೇನೆ. ಅದಾದ ಮೇಲೆ ನಾನು ಕೇಳುವ ಮೊದಲ ಪ್ರಶ್ನೆ ಇದು: "ಬಿದ್ದ ಮೇಲೆ ಯಾವುದಕ್ಕೆ ಬಡಿದೆ?"

ಹುಡುಗರು ಬೀಳುವ ಮುಂಚಿನ ಕಥೆ ಹೇಳಲು ಶುರು ಮಾಡುತ್ತಾರೆ. "ಡಾಕ್ಟ್ರ, ಮುಂದಿನಾಂವ ಒಮ್ಮೆಲೇ ಬ್ರೇಕ್ ಹಿಡದ. ನನ್ನ ಗಾಲಿ ಅವನ ಹಿಂದಿನ ಗಾಲಿಗೆ ತಾಗ್ತು." ಇಲ್ಲವೇ ಉಸುಕಿತ್ತು, ನಾಯಿ ಬಂತು. ಅದನ್ನೂ ಕೇಳಿಸಿಕೊಳ್ಳುತ್ತೇನೆ. ಆದರೆ ಯಾವ ಸ್ಕ್ಯಾನ್ ಮಾಡಿಸಬೇಕು, ರಾತ್ರಿ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳಬೇಕಾ, ಹೊಟ್ಟೆಯನ್ನು ಗಂಟೆಗೊಮ್ಮೆ ನೋಡಬೇಕಾ ಎಂಬುದು ಆ ಕಥೆಯಿಂದ ಗೊತ್ತಾಗುವುದಿಲ್ಲ. ಟಾರಿನ ಮೇಲೆ ಜಾರಿಕೊಂಡು ಹೋದನಾ, ಮೋರಿಯ ಕಟ್ಟೆಗೆ ಬಡಿದನಾ ಎಂಬುದರಿಂದ ಗೊತ್ತಾಗುತ್ತದೆ.

ನಾನು ಮೂಳೆ ಮತ್ತು ಅಪಘಾತದ ಡಾಕ್ಟರ್. ಕೆಲಸ ವಿಜಯಪುರ, ಬಾಗಲಕೋಟೆ ಕಡೆ. ನಮ್ಮ ಭಾಗಕ್ಕೆ ಸೈಕಲ್ ರೇಸ್ ಹೊಸದೇನಲ್ಲ. ಜಾತ್ರೆಗೂ ರೇಸ್ ಇಡುತ್ತಾರೆ. ಕೆಲವು ರೇಸ್‌ಗಳಲ್ಲಿ ಜೀಪಿನಲ್ಲಿ ಹಿಂದೆ ಹೋಗುವ ಡಾಕ್ಟರ್ ನಾನೇ. ಜುಲೈ ಬಂತೆಂದರೆ ಸಂಜೆ ಓಪಿಡಿ ಮುಗಿಸಿ ಫ್ರಾನ್ಸಿನ ಮೂರು ವಾರದ ಸೈಕಲ್ ರೇಸ್ ಟೂರ್ ಡಿ ಫ್ರಾನ್ಸ್ ನೋಡಲು ಕೂರುತ್ತೇನೆ. ಬಹಳ ಪ್ರೀತಿಯಿಂದ ನೋಡುವ ಆಟ ಇದು. ಅದಕ್ಕೇ ಅಲ್ಲಿ ಸವಾರರು ಬಿದ್ದಾಗ, ಟಿವಿಯವರು ಯಾರ ತಪ್ಪು ಎಂದು ಹತ್ತು ಸಲ ತಿರುಗಿಸಿ ತೋರಿಸುವಾಗ, ನನ್ನ ಕಣ್ಣು ಮಾತ್ರ ರಸ್ತೆಯ ಪಕ್ಕದಲ್ಲಿ ಏನಿದೆ ಎಂದು ಹುಡುಕುತ್ತಿರುತ್ತದೆ.

ಲೆಕ್ಕ ಸರಳವಾಗಿದೆ. ಗಂಟೆಗೆ 72 ಕಿ.ಮೀ. ಅಂದರೆ ಸೆಕೆಂಡಿಗೆ 20 ಮೀಟರ್. ಯುರೋಪಿನ ದೊಡ್ಡ ರೇಸ್‌ಗಳಲ್ಲಿ ಘಾಟ್ ಇಳಿಯುವಾಗ ಈ ವೇಗ ಮಾಮೂಲಿ. ಈ ವೇಗದಲ್ಲಿ ಬಿದ್ದವನು ಖಾಲಿ ಟಾರು ರಸ್ತೆಯ ಮೇಲೆ ಜಾರುತ್ತಾ ಹೋದರೆ ನಿಲ್ಲಲು ಸುಮಾರು 30–35 ಮೀಟರ್ ಬೇಕು. ತೊಡೆ, ಸೊಂಟ, ಮೊಣಕೈಯ ಚರ್ಮ ಕಿತ್ತು ಬರುತ್ತದೆ. ಆ ರಾತ್ರಿ ಹಾಸಿಗೆಯ ಬಟ್ಟೆ ಮೈಗೆ ಅಂಟಿಕೊಂಡು ನಿದ್ದೆ ಬರುವುದಿಲ್ಲ. ಆದರೆ ಜಾರುತ್ತಾ ನಿಲ್ಲುವಾಗ ಅವನನ್ನು ತಡೆಯುವ ಬಲ ಅವನ ತೂಕಕ್ಕಿಂತ ಕಡಿಮೆ. ಅದೇ ಸವಾರ, ಅದೇ ವೇಗದಲ್ಲಿ, ಸಿಮೆಂಟ್ ಗೋಡೆಗೆ ಬಡಿದು 20 ಸೆಂಟಿಮೀಟರ್ ಒಳಗೆ ನಿಂತರೆ ಆ ಬಲ ಅವನ ತೂಕದ 100 ಪಟ್ಟು.

ಇನ್ನೊಂದು ವಿಷಯ ಹೊರಗಿನಿಂದ ಕಾಣುವುದಿಲ್ಲ. ಬಸ್ಸು ಗಕ್ಕನೆ ನಿಂತರೆ ಒಳಗೆ ನಿಂತವರು ಮುಂದಕ್ಕೆ ಮುಗ್ಗರಿಸುತ್ತಾರೆ ಅಲ್ವಾ? ದೇಹ ಗೋಡೆಗೆ ಬಡಿದು ನಿಂತಾಗಲೂ ಹಾಗೆಯೇ. ಒಳಗಿನ ಲಿವರ್, ಗುಲ್ಮ, ಮೆದುಳು ಇನ್ನೂ ಮುಂದಕ್ಕೆ ಹೋಗುತ್ತಿರುತ್ತವೆ. ಮೈಮೇಲೆ ಒಂದು ತರಚು ಗಾಯವೂ ಇಲ್ಲದೆ ಲಿವರ್ ಹರಿದಿರಬಹುದು. ಇಂಥ ಗಾಯಕ್ಕೆ ನಾನು ಬಹಳ ಹೆದರುತ್ತೇನೆ.

2019ರ ಆಗಸ್ಟ್ 5ರಂದು ಟೂರ್ ಆಫ್ ಪೋಲೆಂಡ್‌ನಲ್ಲಿ ಹಾಗೇ ಆಯಿತು. ಬೆಲ್ಜಿಯಂನ ಬ್ಯೋರ್ಗ್ ಲಾಂಬ್ರೆಕ್ಟ್‌ಗೆ ಆಗ 22 ವರ್ಷ. ಅದು ಘಾಟ್ ರಸ್ತೆಯಲ್ಲ, ಕೊನೆಯ ಗೆರೆಗೆ ಜೋರಾಗಿ ನುಗ್ಗುವ ಸ್ಪ್ರಿಂಟ್ ಕೂಡ ಅಲ್ಲ. ಮಾಮೂಲಿ ರಸ್ತೆ, ರೇಸ್‌ನ ಮಾಮೂಲಿ ಹೊತ್ತು. ಸೈಕಲ್ ರಸ್ತೆಯ ಅಂಚು ಬಿಟ್ಟು ಕೆಳಗಿಳಿಯಿತು. ಪಕ್ಕದಲ್ಲಿ ಸಿಮೆಂಟಿನ ಮೋರಿ ಇತ್ತು. ಲಿವರ್ ಹರಿದು ಒಳಗೇ ರಕ್ತ ಹರಿಯಿತು. ಆಪರೇಷನ್ ಟೇಬಲ್‌ವರೆಗೆ ಕರೆದೊಯ್ದರೂ ಉಳಿಸಿಕೊಳ್ಳಲಾಗಲಿಲ್ಲ. ಅಲ್ಲಿ ಹುಲ್ಲು ಮಾತ್ರ ಇದ್ದಿದ್ದರೆ ಆತ ಎದ್ದು, ಚೈನ್ ಸರಿ ಮಾಡಿಕೊಂಡು ಮುಂದೆ ಹೋಗುತ್ತಿದ್ದನೇನೋ ಎಂಬ ಯೋಚನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಸರಿಯಾಗಿ ಒಂದು ವರ್ಷಕ್ಕೆ, 2020ರ ಆಗಸ್ಟ್ 5ರಂದು, ಅದೇ ರೇಸ್‌ನ ಮೊದಲ ದಿನ. ಕಾಟೋವಿಟ್ಸೆ ಊರಿನಲ್ಲಿ ಕೊನೆಯ ಗೆರೆ. ಅಲ್ಲಿಗೆ ಬರುವ ರಸ್ತೆ ಇಳಿಜಾರು. ಅದು ಅಪಾಯ ಎಂದು ಸವಾರರು ಮೊದಲಿಂದಲೂ ಹೇಳುತ್ತಿದ್ದರು. ಡಚ್ ಸವಾರರಾದ ಡಿಲನ್ ಗ್ರೂನೆವೇಗನ್ ಮತ್ತು ಫಾಬಿಯೊ ಯಾಕೊಬ್ಸನ್ ಗಂಟೆಗೆ 80 ಕಿ.ಮೀ. ವೇಗದಲ್ಲಿ ಜೊತೆಜೊತೆಗೆ ಬರುತ್ತಿದ್ದರು. ಗ್ರೂನೆವೇಗನ್ ತನ್ನ ದಾರಿ ಬಿಟ್ಟು ಪಕ್ಕಕ್ಕೆ ಸರಿದ. ಯಾಕೊಬ್ಸನ್‌ಗೆ ಜಾಗ ಉಳಿಯಲಿಲ್ಲ. ಬ್ಯಾರಿಕೇಡ್‌ಗೆ ಬಡಿದ. ಬ್ಯಾರಿಕೇಡ್‌ಗಳು ಅವನನ್ನು ತಡೆದು ರಸ್ತೆಗೆ ವಾಪಸ್ ತಳ್ಳಬೇಕಿತ್ತು. ಅದರ ಬದಲು ಕಿತ್ತುಕೊಂಡು ಹಾರಿದವು. ಗೆರೆಯ ಹತ್ತಿರ ನಿಂತಿದ್ದ ರೇಸ್ ಅಧಿಕಾರಿಯೊಬ್ಬರಿಗೂ ಜೋರು ಪೆಟ್ಟಾಯಿತು.

ಯಾಕೊಬ್ಸನ್ ಮುಖಕ್ಕೆ ಸುಮಾರು 130 ಹೊಲಿಗೆ ಬಿದ್ದವು. ಬಾಯಲ್ಲಿ ಉಳಿದದ್ದು ಒಂದೇ ಹಲ್ಲು. ಔಷಧ ಕೊಟ್ಟು ಕೋಮಾದಲ್ಲಿ ಇಟ್ಟರು. ಆಮೇಲೆ ಅವನದೇ ಸೊಂಟದ ಮೂಳೆಯ ಚೂರು ತೆಗೆದು ದವಡೆ ಕಟ್ಟಿದರು. ಇಷ್ಟು ಎಲ್ಲರಿಗೂ ಗೊತ್ತಿದೆ. ನಾನು ಒತ್ತಿ ಹೇಳಬೇಕಾದದ್ದು ಇನ್ನೊಂದಿದೆ. ಅವನ ತಂಡದ ಫ್ಲೋರಿಯಾನ್ ಸೆನೆಷಾಲ್ ಮೊದಲು ಹತ್ತಿರ ಹೋದವರಲ್ಲಿ ಒಬ್ಬ. ಬಾಯಿ ತುಂಬ ರಕ್ತ ನೋಡಿ, ಅದು ಹೊರಗೆ ಬರಲಿ ಎಂದು ಮೆಲ್ಲಗೆ ತಲೆ ಎತ್ತಿ ಹಿಡಿದ. ಕತ್ತಿನ ಮೂಳೆಗೆ ಪೆಟ್ಟಾಗಿರಬಹುದು, ಬಿದ್ದವರನ್ನು ಅಲುಗಾಡಿಸಬಾರದು ಎಂದು ನಾವು ಸದಾ ಹೇಳುತ್ತೇವೆ. ಅದು ಸರಿಯೇ. ಆದರೆ ರಕ್ತ ಶ್ವಾಸಕ್ಕೆ ಅಡ್ಡ ಬಂದಾಗ ಕೈಯಲ್ಲಿರುವುದು ಕೆಲವೇ ನಿಮಿಷ. ಶ್ವಾಸದ ದಾರಿಯನ್ನೇ ಮೊದಲು ನೋಡಬೇಕು. ಕತ್ತು ತಿರುಚದಂತೆ ಹಿಡಿದು ಇಡೀ ಮೈಯನ್ನು ಒಂದೇ ಸಲ ಪಕ್ಕಕ್ಕೆ ಹೊರಳಿಸುವುದನ್ನು ನಮ್ಮ ಹುಡುಗರಿಗೆ ನಾನು ಪ್ರತಿ ರೇಸ್‌ಗೆ ಮೊದಲು ಹೇಳಿಕೊಡುತ್ತೇನೆ. ಡಾಕ್ಟರ್ ಜೀಪು ಎಷ್ಟೇ ಹತ್ತಿರ ಇರಲಿ, ಬಿದ್ದವನ ಪಕ್ಕದಲ್ಲಿ ಮೊದಲು ಇರುವವನು ಇನ್ನೊಬ್ಬ ಸವಾರನೇ.

ಗ್ರೂನೆವೇಗನ್‌ಗೆ 9 ತಿಂಗಳ ನಿಷೇಧ ಬಂತು. ತಪ್ಪು ಮಾಡಿದ್ದ, ಶಿಕ್ಷೆ ಆಗಬೇಕಿತ್ತು. ಆದರೆ ಸ್ಪ್ರಿಂಟ್‌ನಲ್ಲಿ ಸವಾರ ದಾರಿ ಬಿಡುವುದು ಅವತ್ತೇ ಮೊದಲಲ್ಲ, ಕೊನೆಯೂ ಅಲ್ಲ. ಮನುಷ್ಯ ಆ ಸುಸ್ತಿನಲ್ಲಿ, ಆ ವೇಗದಲ್ಲಿ ತಪ್ಪು ಮಾಡಿಯೇ ಮಾಡುತ್ತಾನೆ ಎಂದು ಲೆಕ್ಕ ಹಾಕಿಯೇ ಕೊನೆಯ 300 ಮೀಟರ್ ಕಟ್ಟಬೇಕು. ಸಪಾಟು ಅಥವಾ ಸ್ವಲ್ಪ ಏರು ರಸ್ತೆ. ಒಂದಕ್ಕೊಂದು ಬಿಗಿದು ಕಟ್ಟಿದ ಬ್ಯಾರಿಕೇಡ್. ಕಾಲುಗಳು ರಸ್ತೆಯ ಕಡೆಗೆ ಚಾಚದ, ಸವಾರನಿಗೆ ನುಣುಪಾದ ಮೈ ತೋರಿಸುವ ಬ್ಯಾರಿಕೇಡ್. ಇವತ್ತು ಬೆಲ್ಜಿಯಂನ ದೊಡ್ಡ ರೇಸ್‌ಗಳಲ್ಲಿ ಹಿಂದಕ್ಕೆ ಓರೆಯಾದ ಅಂಥ ಬ್ಯಾರಿಕೇಡ್ ನೋಡಿದಾಗ ಸಮಾಧಾನ ಆಗುತ್ತದೆ.

ಯಾಕೊಬ್ಸನ್ 2021ರಲ್ಲಿ ವಾಪಸ್ ಬಂದು ಸ್ಪೇನಿನ ಮೂರು ವಾರದ ರೇಸ್ ವುವೆಲ್ಟಾದಲ್ಲಿ ಮೂರು ಸ್ಟೇಜ್ (ಅಂದರೆ ಒಂದೊಂದು ದಿನದ ಓಟ) ಗೆದ್ದ, ಅಂಕಪಟ್ಟಿಯಲ್ಲಿ ಮೊದಲು ಬಂದವನಿಗೆ ಕೊಡುವ ಹಸಿರು ಜೆರ್ಸಿಯನ್ನೂ ಗೆದ್ದ. 2022ರ ಟೂರ್ ಡಿ ಫ್ರಾನ್ಸ್ ಡೆನ್ಮಾರ್ಕ್‌ನಲ್ಲಿ ಶುರುವಾಯಿತು. ಎರಡನೇ ಸ್ಟೇಜ್ ಗೆದ್ದದ್ದು ಯಾಕೊಬ್ಸನ್. ಮಾರನೇ ದಿನ ಗೆದ್ದದ್ದು ಗ್ರೂನೆವೇಗನ್. ಆ ಎರಡು ದಿನ ನನಗೆ ಕಣ್ಣೀರು ತಡೆಯಲಾಗಲಿಲ್ಲ.

ನನ್ನ ಓಪಿಡಿಗೆ ಸೈಕಲ್‌ನವರು ತರುವ ಮೂಳೆ ಬಹುಪಾಲು ಒಂದೇ. ಕಾಲರ್ ಬೋನ್. ತೋಳನ್ನು ಎದೆಗೂಡಿಗೆ ಜೋಡಿಸುವ ಮೂಳೆಯ ಸೇತುವೆ ಇದೊಂದೇ. ಹೆಗಲ ಮೇಲೆ ಬಿದ್ದರೆ ಇಡೀ ದೇಹದ ಪೆಟ್ಟು ಈ ಬೆರಳು ದಪ್ಪದ, ಸ್ವಲ್ಪ ಬಾಗಿದ ಮೂಳೆಯ ಮೂಲಕ ದಾಟಬೇಕು. ನಡುಭಾಗದಲ್ಲಿ ಮುರಿಯುತ್ತದೆ. ಮುರಿದದ್ದು ಒಂದರ್ಥದಲ್ಲಿ ಒಳ್ಳೆಯದೇ, ಯಾಕೆಂದರೆ ಪೆಟ್ಟಿನ ಒಂದಷ್ಟು ಪಾಲನ್ನು ಆ ಮೂಳೆ ತಾನು ನುಂಗಿಕೊಂಡಿರುತ್ತದೆ. ಹುಡುಗರು ಎಕ್ಸ್‌ರೇ ನೋಡುವ ಮೊದಲೇ ಕೇಳುತ್ತಾರೆ: "ಸೈಕಲ್ ಯಾವಾಗ ಹೊಡೀಬಹುದ್ರಿ?" ಟಿವಿಯಲ್ಲಿ ಯಾರೋ ಪ್ಲೇಟ್ ಹಾಕಿಸಿಕೊಂಡು ಎರಡು ವಾರಕ್ಕೆ ರೇಸ್‌ಗೆ ಬಂದದ್ದನ್ನು ನೋಡಿರುತ್ತಾರೆ. ಪ್ಲೇಟ್ ಮೂಳೆಯನ್ನು ಹಿಡಿದುಕೊಂಡಿರುತ್ತದೆ ಅಷ್ಟೇ. ಕೂಡಿಕೊಳ್ಳಲು ಮೂಳೆಗೆ ಬೇಕಾದ ವಾರಗಳು ಬೇಕೇ ಬೇಕು. ಆ ನಡುವೆ ಅದೇ ಹೆಗಲ ಮೇಲೆ ಇನ್ನೊಮ್ಮೆ ಬಿದ್ದರೆ ಪ್ಲೇಟ್ ಬಾಗಿ, ಸ್ಕ್ರೂ ಕಿತ್ತು ಬರುತ್ತದೆ. ಅಂಥ ಹೆಗಲನ್ನು ಎರಡನೇ ಸಲ ತೆರೆದ ನನಗೆ ಆ ಕಷ್ಟ ಗೊತ್ತು.

2024ರ ಏಪ್ರಿಲ್ 4ರಂದು ಸ್ಪೇನಿನ ಬಾಸ್ಕ್ ನಾಡಿನ ರೇಸ್‌ನಲ್ಲಿ ಒಂದು ಬಲತಿರುವಿನಲ್ಲಿ ಹತ್ತಾರು ಸವಾರರು ಒಟ್ಟಿಗೆ ಹೊರಗೆ ಹೋದರು. ರಸ್ತೆ ಅಂಚಿನಲ್ಲಿ ಸಿಮೆಂಟ್ ಚರಂಡಿ, ಬಂಡೆ, ಮರ. ಟೂರ್ ಡಿ ಫ್ರಾನ್ಸ್ ಎರಡು ಸಲ ಗೆದ್ದ ಯೋನಸ್ ವಿಂಗೆಗೋಗೆ ಕಾಲರ್ ಬೋನ್ ಮತ್ತು ಪಕ್ಕೆಲುಬು ಮುರಿದವು. ಶ್ವಾಸಕೋಶದ ಸುತ್ತ ಗಾಳಿ ಸೇರಿತು. ರೆಮ್ಕೊ ಎವೆನೆಪೂಲ್‌ಗೆ ಕಾಲರ್ ಬೋನ್ ಜೊತೆ ಹೆಗಲ ಹಲಗೆಯೂ ಮುರಿಯಿತು. ಜೇ ವೈನ್‌ಗೆ ಬೆನ್ನುಮೂಳೆ. ಹೆಗಲ ಹಲಗೆ ಮುರಿಯುವುದು ಅಪರೂಪ. ಅದು ಮುರಿದ ಎಕ್ಸ್‌ರೇ ಕಂಡರೆ ನಾವು ತಕ್ಷಣ ಎದೆಯೊಳಗೆ ಹುಡುಕುತ್ತೇವೆ, ಅಷ್ಟು ದೊಡ್ಡ ಪೆಟ್ಟು ಬೇಕು ಅದಕ್ಕೆ. ಅವತ್ತು ಆಂಬುಲೆನ್ಸ್‌ಗಳೆಲ್ಲ ಗಾಯಾಳುಗಳನ್ನು ಹೊತ್ತು ಹೋದ ಮೇಲೆ ಮುಖ್ಯ ಗುಂಪನ್ನು ತಡೆದು ನಿಲ್ಲಿಸಿದರು. ಸರಿಯಾದ ನಿರ್ಧಾರ. ಹಿಂದೆ ಆಂಬುಲೆನ್ಸ್ ಇಲ್ಲದ ಮೇಲೆ ಅದನ್ನು ರೇಸ್ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ವಿಂಗೆಗೋ ಮೂರು ತಿಂಗಳೊಳಗೆ ಟೂರ್‌ಗೆ ಬಂದು ಎರಡನೆಯವನಾದ. ಜನ ಅದನ್ನು ಪವಾಡ ಅಂದರು. ಆತ ಬಿದ್ದಲ್ಲಿಂದ ಅರ್ಧ ಮೀಟರ್ ಆಚೆ ಬಡಿದಿದ್ದರೆ ಏನಾಗುತ್ತಿತ್ತು ಎಂಬುದೇ ನನ್ನ ತಲೆಯಲ್ಲಿತ್ತು.

"ಹೆಲ್ಮೆಟ್ ಇದೆಯಲ್ಲ ಸರ್" ಎಂದು ತಂದೆ ತಾಯಿ ಕೇಳುತ್ತಾರೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಜಕಿಸ್ತಾನದ ಆಂದ್ರೇ ಕಿವಿಲೆವ್ 2003ರ ಮಾರ್ಚ್‌ನಲ್ಲಿ ಪ್ಯಾರಿಸ್–ನೀಸ್ ರೇಸ್‌ನಲ್ಲಿ ಬಿದ್ದು ತಲೆಗೆ ಪೆಟ್ಟಾಗಿ ತೀರಿಕೊಂಡ. ಹೆಲ್ಮೆಟ್ ಹಾಕಿರಲಿಲ್ಲ. ಅದೇ ವರ್ಷ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ ಹೆಲ್ಮೆಟ್ ಕಡ್ಡಾಯ ಮಾಡಿತು. ಅದಕ್ಕೆ ಮುಂಚೆ 1991ರಲ್ಲಿ ಕಡ್ಡಾಯ ಮಾಡಲು ಹೋದಾಗ ಸವಾರರೇ ಪ್ರತಿಭಟನೆ ಮಾಡಿದ್ದರು. ಬಿಸಿಲಲ್ಲಿ ಘಾಟ್ ಹತ್ತುವಾಗ ತಲೆ ಕಾಯುತ್ತದೆ ಎಂಬ ಅವರ ಮಾತು ಸುಳ್ಳಲ್ಲ. ಆದರೂ ಆ 12 ವರ್ಷಗಳ ಬಗ್ಗೆ ನನಗೆ ಬೇಸರ ಇದೆ.

ಯುರೋಪಿನ ಗುಣಮಟ್ಟ ಪರೀಕ್ಷೆಯಲ್ಲಿ ಹೆಲ್ಮೆಟ್ ಸಪಾಟು ಕಬ್ಬಿಣದ ಮೇಲೆ ಬೀಳುವಾಗ ಅದರ ವೇಗ ಗಂಟೆಗೆ ಸುಮಾರು 20 ಕಿ.ಮೀ. ಇಷ್ಟೇನಾ ಎಂದು ಹುಡುಗರು ಗಾಬರಿಯಾಗುತ್ತಾರೆ. ಆ ಸಂಖ್ಯೆಗೆ ಅರ್ಥ ಇದೆ. ಸೈಕಲ್ ಮೇಲೆ ಕೂತವನ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಅಲ್ಲಿಂದ ಕೆಳಗೆ ಬೀಳುವ ತಲೆ ನೆಲ ಮುಟ್ಟುವಾಗ ಹೆಚ್ಚುಕಡಿಮೆ ಅದೇ ವೇಗದಲ್ಲಿರುತ್ತದೆ. ಸೈಕಲ್ 30ರಲ್ಲಿರಲಿ, 70ರಲ್ಲಿರಲಿ, ತಲೆ ಕೆಳಮುಖವಾಗಿ ಬೀಳುವ ವೇಗ ಬದಲಾಗುವುದಿಲ್ಲ. ಹಾಗಾಗಿ ರಸ್ತೆಯ ಮೇಲೆ ಬಿದ್ದು ಜಾರುವವನಿಗೆ ಹೆಲ್ಮೆಟ್ ಜೀವ ಉಳಿಸುತ್ತದೆ. ಅದೇ 70ರ ವೇಗದಲ್ಲಿ ತಲೆ ನೇರವಾಗಿ ಕಂಬಕ್ಕೆ ಹೋದರೆ ಹೆಲ್ಮೆಟ್‌ನ ಆ ತೆಳು ಥರ್ಮಾಕೋಲಿಗೆ ಅಷ್ಟು ಕೆಲಸ ಮಾಡುವ ಶಕ್ತಿ ಇಲ್ಲ. ಹೆಲ್ಮೆಟ್ ಹಾಕಲೇಬೇಕು. ಹೆಲ್ಮೆಟ್ ಇದೆ ಎಂದು ಕಂಬವನ್ನು ಹಾಗೇ ಬಿಡಬಾರದು.

ತಲೆಯ ಪೆಟ್ಟಿನಲ್ಲಿ ನನಗೆ ಜಾಸ್ತಿ ಚಿಂತೆ ಕೊಡುವುದು ಎದ್ದು ಓಡಾಡುವವರು. 2020ರ ಟೂರ್‌ನಲ್ಲಿ ಫ್ರಾನ್ಸಿನ ರೊಮ್ಯಾ ಬಾರ್ದೆ ಜೋರಾಗಿ ಬಿದ್ದ. ಎದ್ದ, ತೂರಾಡಿದ, ಮತ್ತೆ ಸೈಕಲ್ ಹತ್ತಿ ಸ್ಟೇಜ್ ಮುಗಿಸಿದ. ಸಂಜೆ ಸ್ಕ್ಯಾನ್ ಮಾಡಿದರೆ ತಲೆಯೊಳಗೆ ಸಣ್ಣ ರಕ್ತಸ್ರಾವ. ಅವನು ಗಂಟೆಗಟ್ಟಲೆ ನೂರಾರು ಜನರ ನಡುವೆ, ಘಾಟ್ ರಸ್ತೆಯಲ್ಲಿ, ಪೆಟ್ಟು ತಿಂದ ಮೆದುಳಿನೊಂದಿಗೆ ಸೈಕಲ್ ತುಳಿದಿದ್ದ. ಅಂಥ ಮೆದುಳಿಗೆ ಬ್ರೇಕ್ ಹಿಡಿಯುವ ನಿರ್ಧಾರ ತಡವಾಗುತ್ತದೆ, ಸಮತೋಲನ ಕೆಡುತ್ತದೆ. ಅವನಿಗಷ್ಟೇ ಅಲ್ಲ, ಅವನ ಹಿಂದಿನವರಿಗೂ ಅಪಾಯ.

ಕ್ರಿಕೆಟ್ ಈ ವಿಷಯದಲ್ಲಿ ದಾರಿ ಕಂಡುಕೊಂಡಿದೆ. 2019ರಲ್ಲಿ ಲಾರ್ಡ್ಸ್‌ನಲ್ಲಿ ಸ್ಟೀವ್ ಸ್ಮಿತ್‌ಗೆ ಚೆಂಡು ಬಡಿದಾಗ ಬದಲಿಗೆ ಲಾಬುಶೇನ್ ಬ್ಯಾಟ್ ಹಿಡಿದು ಬಂದದ್ದು ನೆನಪಿರಬೇಕು. ಸೈಕಲ್ ರೇಸ್‌ನಲ್ಲಿ ಬದಲಿ ಇಲ್ಲ, ವಿರಾಮವೂ ಇಲ್ಲ. ಡಾಕ್ಟರ್ ಎರಡು ನಿಮಿಷ ಪರೀಕ್ಷೆ ಮಾಡಿದರೆ 45ರ ವೇಗದ ಗುಂಪು ಒಂದೂವರೆ ಕಿ.ಮೀ. ಮುಂದೆ ಹೋಗಿರುತ್ತದೆ. ವರ್ಷದ ಶ್ರಮವೆಲ್ಲ ಕಣ್ಣೆದುರು ಹೋಗುತ್ತಿರುವಾಗ ಯಾವ ಹುಡುಗ ತಾನೇ "ತಲೆ ತಿರುಗ್ತಿದೆ" ಎಂದು ಒಪ್ಪಿಕೊಳ್ಳುತ್ತಾನೆ? ಯುಸಿಐ 2021ರಿಂದ ತಲೆಪೆಟ್ಟಿನ ನಿಯಮಾವಳಿ ತಂದಿದೆ. ರಸ್ತೆಬದಿಯಲ್ಲಿ ಒಮ್ಮೆ, ಸ್ಟೇಜ್ ಮುಗಿದ ಮೇಲೆ, ಮಾರನೇ ಬೆಳಿಗ್ಗೆ ನೋಡಬೇಕು. ಒಳ್ಳೆಯದು. ಆದರೆ ಪರೀಕ್ಷೆಗೆ ನಿಂತವನಿಗೆ ಕಳೆದುಹೋದ ಸಮಯವನ್ನು ಲೆಕ್ಕದಲ್ಲಿ ವಾಪಸ್ ಕೊಡುವವರೆಗೆ ಸವಾರರು ಸುಳ್ಳು ಹೇಳುತ್ತಲೇ ಇರುತ್ತಾರೆ ಎಂಬುದು ನನ್ನ ಅನುಭವದ ಮಾತು. ನಾನು ರೇಸ್‌ನಲ್ಲಿ ಹೆಚ್ಚು ಪ್ರಶ್ನೆ ಕೇಳುವುದಿಲ್ಲ. "ಬೆಳಿಗ್ಗೆ ಎಲ್ಲಿಂದ ಹೊರಟೆ? ಈಗ ನಿನ್ನ ಮುಂದೆ ಯಾರಿದ್ದಾರೆ?" ಉತ್ತರ ತಡವರಿಸಿದರೆ ಸೈಕಲ್ ಜೀಪಿಗೆ ಹತ್ತುತ್ತದೆ. ಅಳುತ್ತಾರೆ, ಬೈಯುತ್ತಾರೆ. ಪರವಾಗಿಲ್ಲ.

ಈಚಿನ ವರ್ಷಗಳಲ್ಲಿ ಯುಸಿಐ ಹಲವು ನಿಯಮ ತಂದಿದೆ. 2021ರಿಂದ ಫ್ರೇಮಿನ ಮೇಲಿನ ಪಟ್ಟಿಯ ಮೇಲೆ ಕೂತು ಇಳಿಜಾರು ಇಳಿಯುವಂತಿಲ್ಲ. 2025ರಿಂದ ಅಪಾಯ ತರುವ ತಪ್ಪಿಗೆ ಹಳದಿ ಕಾರ್ಡ್ ಬಂದಿದೆ, ಒಂದೇ ರೇಸ್‌ನಲ್ಲಿ ಎರಡು ಕಾರ್ಡ್ ಸಿಕ್ಕರೆ ಹೊರಗೆ. 2026ರಿಂದ ಹ್ಯಾಂಡಲ್ ಕನಿಷ್ಠ 40 ಸೆಂ.ಮೀ. ಅಗಲ ಇರಬೇಕು. ಹೆಗಲು ಚಿಕ್ಕದಿರುವ ಮಹಿಳಾ ಸವಾರರಿಗೆ ಇದು ಅಗಲವಾಯಿತು ಎಂಬ ದೂರು ಬಂದಿದೆ. ಮೂಳೆ ಡಾಕ್ಟರಾಗಿ ನನಗೆ ಆ ದೂರು ನ್ಯಾಯ ಅನ್ನಿಸುತ್ತದೆ. ಹೆಗಲಿಗಿಂತ ಅಗಲದ ಹ್ಯಾಂಡಲ್ ಹಿಡಿದು ದಿನಕ್ಕೆ ಐದು ತಾಸು ಕೂತರೆ ಕತ್ತು, ಹೆಗಲು ನೋಯುತ್ತವೆ. ಹಳದಿ ಕಾರ್ಡನ್ನು ಸವಾರರಿಗಲ್ಲದೆ ತಂಡದ ಕಾರಿನವರಿಗೂ ಮೋಟಾರ್‌ಬೈಕಿನವರಿಗೂ ಕೊಡಬಹುದು. ಅದು ಬೇಕಿತ್ತು. 2016ರಲ್ಲಿ ಬೆಲ್ಜಿಯಂನ ಆಂತ್ವಾನ್ ದೆಮ್ವಾತಿಯೆ ಬಿದ್ದ ಮೇಲೆ ರೇಸ್‌ನ ಬೈಕೊಂದು ಬಡಿದೇ ತೀರಿಕೊಂಡದ್ದು. ಆದರೆ ಮೋರಿಯನ್ನು ಮುಚ್ಚದೆ ಬಿಟ್ಟವರಿಗೆ ಯಾವ ಬಣ್ಣದ ಕಾರ್ಡ್ ಕೊಡುತ್ತೀರಿ?

ಮಾಡಲು ಆಗುತ್ತದೆ ಎಂಬುದಕ್ಕೆ ಉದಾಹರಣೆ ಇದೆ. ಪ್ಯಾರಿಸ್–ರೂಬೆ ರೇಸ್‌ನಲ್ಲಿ ಆರೆನ್‌ಬರ್ಗ್ ಎಂಬ ಕಾಡಿನ ಕಲ್ಲುಹಾಸಿನ ದಾರಿ ಇದೆ. 1998ರಲ್ಲಿ ಬೆಲ್ಜಿಯಂನ ಯೋಹಾನ್ ಮ್ಯುಸೇವ್ ಅಲ್ಲಿ ಬಿದ್ದು ಮಂಡಿಚಿಪ್ಪು ಪುಡಿಯಾಯಿತು. ಕೆಸರು ಹೊಕ್ಕ ಗಾಯ ಕೊಳೆತು ಕಾಲನ್ನೇ ಕತ್ತರಿಸುವ ಹಂತಕ್ಕೆ ಹೋಗಿತ್ತು. 2000ದಲ್ಲಿ ಅದೇ ರೇಸ್ ಗೆದ್ದು, ಗೆರೆ ದಾಟುವಾಗ ಕಾಲೆತ್ತಿ ಮಂಡಿ ತೋರಿಸಿದ. ಗುಂಪು ಆ ಕಲ್ಲುಗಳಿಗೆ ನುಗ್ಗುವ ವೇಗವೇ ಅಪಾಯ ಎಂದು ಸವಾರರು ಕೇಳಿಕೊಂಡ ಮೇಲೆ 2024ರಲ್ಲಿ ಅದರ ಬಾಗಿಲಲ್ಲೇ ದಾರಿಯನ್ನು ಅಂಕುಡೊಂಕು ಮಾಡಿ ವೇಗ ಇಳಿಸಿದರು. ಕೆಲವು ಸವಾರರಿಗೇ ಅದು ಇಷ್ಟವಾಗಲಿಲ್ಲ. ನನಗೆ ಇಷ್ಟವಾಯಿತು. ಬದಲಾದದ್ದು ರಸ್ತೆ, ಅದಕ್ಕೇ.

ಕೊನೆಯದಾಗಿ ಒಬ್ಬ ಹುಡುಗಿಯ ವಿಷಯ. ಮ್ಯೂರಿಯಲ್ ಫುರ್ರರ್, ಸ್ವಿಟ್ಜರ್ಲೆಂಡ್, 18 ವರ್ಷ. 2024ರ ಸೆಪ್ಟೆಂಬರ್ 26ರಂದು ಜೂರಿಕ್‌ನಲ್ಲಿ ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್. ಅವಳದೇ ದೇಶ. ಮಳೆ, ಕಾಡಿನ ಇಳಿಜಾರು. ರಸ್ತೆಯಿಂದ ಹೊರಗೆ ಹೋದವಳು ಬಹಳ ಹೊತ್ತು ಯಾರ ಕಣ್ಣಿಗೂ ಬೀಳಲಿಲ್ಲ. ಆ ರೇಸ್‌ನಲ್ಲಿ ಸವಾರರ ಕಿವಿಯಲ್ಲಿ ರೇಡಿಯೊ ಇರಲಿಲ್ಲ. ಮಾರನೇ ದಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಮುಂದಿನ ವರ್ಷ ಸ್ವಿಟ್ಜರ್ಲೆಂಡಿನ ಒಂದು ಮಹಿಳಾ ರೇಸ್‌ನಲ್ಲಿ ಯುಸಿಐ ಜಿಪಿಎಸ್ ಸಾಧನ ಪ್ರಯೋಗ ಮಾಡಲು ಹೊರಟಾಗ, ಅದನ್ನು ಹೇಗೆ ಜಾರಿ ಮಾಡಬೇಕು ಎಂಬ ಜಗಳದಲ್ಲಿ ಐದು ತಂಡಗಳು ರೇಸ್‌ನಿಂದಲೇ ಹೊರಬಿದ್ದವು. ಆಮೇಲೆ 2025ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎಲ್ಲ ಸವಾರರೂ ಅದನ್ನು ಇಟ್ಟುಕೊಂಡು ಓಡಿದರು. ಸೈಕಲ್ ಎಲ್ಲಿದೆ ಎಂದು ಟಿವಿ ನೋಡುವವರಿಗೆ ಪರದೆಯ ಮೇಲೆ ತೋರಿಸುವ ತಂತ್ರ ಎಷ್ಟೋ ವರ್ಷಗಳಿಂದ ಇತ್ತು. ತಲೆಪೆಟ್ಟಿನವರಿಗೆ ಒಂದೊಂದು ನಿಮಿಷಕ್ಕೂ ಬೆಲೆ ಇದೆ. ಇದನ್ನು ಬರೆಯುವಾಗ ನನಗೆ ಕೋಪ ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ನಮ್ಮ ರೇಸ್‌ಗಳಿಗೆ ಜಿಪಿಎಸ್ ಇಲ್ಲ. ಆ ಸುದ್ದಿ ಓದಿದ ಮೇಲೆ ನಾನು ಸಂಘಟಕರಿಗೆ ಎರಡು ಷರತ್ತು ಹಾಕಿದೆ. ಹಿಂದಿನ ದಿನ ಅವರ ಜೊತೆ ದಾರಿ ಪೂರ್ತಿ ನೋಡುತ್ತೇನೆ. ತಿರುವಿನ ಹೊರಬದಿಯ ಮೋರಿ ಕಟ್ಟೆ, ಮೈಲಿಗಲ್ಲು, ಕರೆಂಟ್ ಕಂಬಕ್ಕೆಲ್ಲ ಹೊಟ್ಟು ತುಂಬಿದ ಗೋಣಿಚೀಲ ಕಟ್ಟಬೇಕು. ಊರಿನವರೇ ಚೀಲ ಕೊಡುತ್ತಾರೆ, ರೇಸ್ ಮುಗಿದ ಮೇಲೆ ದನಕ್ಕೆ ಹಾಕಲು ವಾಪಸ್ ಒಯ್ಯುತ್ತಾರೆ. ಎರಡನೆಯದು, ಹೊರಟವರ ನಂಬರ್ ಪಟ್ಟಿಯನ್ನು ಪ್ರತಿ ಹಳ್ಳಿಯ ಕೂಡುರಸ್ತೆಯಲ್ಲಿ ಒಬ್ಬರು ಹಿಡಿದು ನಿಂತು, ದಾಟಿದವರಿಗೆ ಗುರುತು ಹಾಕಿ ಜೀಪಿಗೆ ಫೋನ್ ಮಾಡಬೇಕು.

ಹೋದ ಸಲ 46 ಜನ ಹೊರಟಿದ್ದರು. ಮೂರನೇ ಕೂಡುರಸ್ತೆಯಲ್ಲಿ 45 ಲೆಕ್ಕ ಸಿಕ್ಕಿತು. ಜೀಪು ತಿರುಗಿಸಿದೆವು. ಎಡಬಲ ಹೊಲ ನೋಡುತ್ತಾ ನಾಲ್ಕು ಕಿ.ಮೀ. ಹಿಂದಕ್ಕೆ ಬಂದೆವು. ಹುಡುಗ ಬೇವಿನ ಮರದ ನೆರಳಲ್ಲಿ ಕೂತು ಪಂಕ್ಚರ್ ಆದ ಗಾಲಿ ಬಿಚ್ಚುತ್ತಿದ್ದ. ನಮ್ಮನ್ನು ನೋಡಿ, "ಪಂಪ್ ಅದ ಏನ್ರಿ ಡಾಕ್ಟ್ರ?" ಅಂದ.